ಹುಳ ಬೀಳಲೆಂದು ಇಟ್ಟ ಡಬ್ಬಿ

ಮಲೆನಾಡಿನ ಕೊಪ್ಪದ ಹತ್ತಿರ, ಬಾಳಗಡಿಯ ಬಾಡಿಗೆ ಕೋಣೆಯಲ್ಲಿ ನನ್ನ ಜೋಳದ ಚೀಲ ಮೊಳಕೆಯೊಡೆದಿತ್ತು. ವಿಜಯಪುರದಿಂದ ಹೊರಡುವಾಗ ಅವ್ವ ಕಟ್ಟಿಕೊಟ್ಟ ಚೀಲ ಅದು. ಬಂದ ದಿನ ಗೋಡೆಗೆ ಒರಗಿಸಿ ಇಟ್ಟವಳು ಮತ್ತೆ ಅದರ ಕಡೆ ನೋಡಿರಲಿಲ್ಲ. ಒಂದು ಬೆಳಿಗ್ಗೆ ಹಿಟ್ಟು ಮಾಡಿಸೋಣವೆಂದು ಎಳೆದರೆ, ಗೋಡೆಗೆ ತಾಗಿದ್ದ ಬದಿಯಲ್ಲಿ ಸೆಣಬಿನ ಎಳೆಗಳ ನಡುವೆ ಬಿಳಿ ಮೊಳಕೆಗಳು ಹೊರಗೆ ಇಣುಕಿದ್ದವು. ಯಾರೂ ನೀರು ಹಾಕಿರಲಿಲ್ಲ. ಗೋಡೆಯ ತೇವವೇ ಸಾಕಾಗಿತ್ತು. ನಾನು ಚೀಲ ಬಿಟ್ಟು ಹಿಂದೆ ಸರಿದೆ. ನಮ್ಮ ಕಡೆ ಬಿತ್ತಿದ ಹೊಲದಲ್ಲೇ ಮೊಳಕೆಗಾಗಿ ಮುಗಿಲು ನೋಡುತ್ತ ಕೂರುತ್ತೇವೆ. ಇಲ್ಲಿ ಬೇಡವೆಂದರೂ ಮನೆಯೊಳಗೆ ಬೆಳೆ.

ಮನೆಯ ಓನರ್ ಸುಮಿತ್ರಮ್ಮ ಬಾಗಿಲಲ್ಲಿ ನಿಂತು ನೋಡಿದರು. “ಗೋಡೆಗೆ ತಾಗ್ಸಿ ಇಟ್ರೆ ಮತ್ತೆಂತ ಆಗುತ್ತೆ ಮಾರಾಯ್ತಿ? ಇನ್ನೊಂದು ಚೂರು ಬಿಟ್ಟಿದ್ರೆ ಕಟಾವಿಗೆ ಆಳು ಕರೀಬೇಕಾಗಿತ್ತು.” ಬೈದರೋ ನಕ್ಕರೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಚೀಲ ಇಡಲು ಒಂದು ಹಳೆಯ ಮಣೆ ತಂದುಕೊಟ್ಟರು, ಜೊತೆಗೆ ಎರಡು ಬಿಸಿ ಕಡುಬು. ಅಕ್ಕಿತರಿಯ ಕಡುಬು ನನ್ನ ಹೊಟ್ಟೆಗೆ ಊಟ ಎನಿಸಲು ಬಹಳ ಕಾಲ ಬೇಕಾಯಿತು. ರೊಟ್ಟಿ ತಿಂದರೆ ಬರುವ ತೃಪ್ತಿಯೇ ಬೇರೆ. ಆದರೆ ಅಂದು ಅವು ಬಿಸಿಯಾಗಿದ್ದವು, ನನಗಾಗಿಯೇ ಬಂದಿದ್ದವು.

ನಾನು ಬಂದದ್ದು ವಿಶ್ವವಿದ್ಯಾಲಯದ ಗೃಹವಿಜ್ಞಾನ ವಿಭಾಗದ ಒಂದು ಸಂಶೋಧನೆಗೆ. ಹೊಲದಲ್ಲಿ ಬೆಳೆ ತಿನ್ನುವ ಹುಳದ ಬಗ್ಗೆ ಕೆಲಸ ಮಾಡುವವರು ಬೇರೆ ಇದ್ದಾರೆ. ಕೊಯ್ದ ಬೆಳೆ ಅಡುಗೆಮನೆಗೆ ಬಂದ ಮೇಲೆ ಅದನ್ನು ತಿನ್ನುವ ಹುಳ ನನ್ನ ಪಾಲಿನದು. ನಾವು ನುಸಿ ಎನ್ನುವುದನ್ನು ಇಲ್ಲಿ ಕುಟ್ಟೆ ಎನ್ನುತ್ತಾರೆ. ನಮ್ಮಲ್ಲಾದರೆ ಕಾಳನ್ನು ಅಂಗಳದ ಬಿಸಿಲಿಗೆ ಹರವಿದರೆ ಮುಗಿಯಿತು. ಇಲ್ಲಿ ಮಳೆಗಾಲದಲ್ಲಿ ಬಿಸಿಲನ್ನು ಎಲ್ಲಿಂದ ತರುವುದು? ಇಲ್ಲಿಯ ಬೇಲಿಗಳಲ್ಲಿ ಬೆಳೆಯುವ ಘಾಟು ವಾಸನೆಯ ಲಕ್ಕಿ ಸೊಪ್ಪನ್ನು ಒಣಗಿಸಿ ಕಾಳಿನ ನಡುವೆ ಇಟ್ಟರೆ ಕುಟ್ಟೆ ನಿಜವಾಗಿ ಕಡಿಮೆಯಾಗುತ್ತದೆಯೇ ಎಂದು ನೋಡಬೇಕಿತ್ತು. ಹಾಳಾಗದೆ ಉಳಿದ ಕಾಳಿನಿಂದ ಮನೆ ಖರ್ಚು ಎಷ್ಟು ಹಗುರವಾಗುತ್ತದೆ ಎಂಬುದು ಹಣಕಾಸು ನೋಡುವ ಸಹೋದ್ಯೋಗಿಯ ಕೆಲಸ.

ಮುತ್ತಿನಕೊಪ್ಪದಲ್ಲಿ ಕೂಲಿಗೆ ಹೋಗುವ ಕೆಲವು ಹೆಂಗಸರ ಮನೆಗಳನ್ನು ಆರಿಸಿಕೊಂಡೆ. ಮನೆಗೆ ಎರಡು ಡಬ್ಬಿ ಹೆಸರುಕಾಳು. ಒಂದಕ್ಕೆ ಲಕ್ಕಿ ಸೊಪ್ಪು, ಇನ್ನೊಂದಕ್ಕೆ ಏನೂ ಇಲ್ಲ. ಏನೂ ಹಾಕದ ಡಬ್ಬಿಯಲ್ಲಿ ಹುಳ ಬೀಳಬೇಕು. ಬಿದ್ದರೆ ಮಾತ್ರ ಸೊಪ್ಪಿನಿಂದ ಏನಾಯಿತೆಂದು ಹೋಲಿಸಿ ಹೇಳಬಹುದು. ಇದನ್ನು ಪ್ರತಿ ಮನೆಯಲ್ಲೂ ನಿಧಾನವಾಗಿ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು.

ಮಳೆ ಜೋರಾದ ಮೇಲೆ ಮೊದಲ ಸಲ ನೋಡಲು ಹೋದದ್ದು ಗಿರಿಜಕ್ಕನ ಮನೆಗೆ. ಅಡಿಕೆ ಸುಲಿಯುವ ಕೆಲಸದವರು ಅವರು. ಒಂದು ಕ್ಷಣ ಬಾಯಿ ಸುಮ್ಮನಿರದ ಹೆಂಗಸು. ಏನೂ ಹಾಕದ ಡಬ್ಬಿಯ ಮುಚ್ಚಳ ತೆಗೆದೆ. ಒಂದೇ ಒಂದು ಹುಳವಿಲ್ಲ. ತೂತು ಬಿದ್ದ ಕಾಳೂ ಇಲ್ಲ. ಕಾಳು ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು.

“ಹ್ಯಾಗಿದೆ?” ಎಂದರು ಗಿರಿಜಕ್ಕ, ಹೆಮ್ಮೆಯಿಂದ.

“ಇದರಲ್ಲಿ ಹುಳ ಇರಲಿಲ್ಲವೇ?”

“ಇಲ್ದೆ ಏನು! ಗಿಜಿಗಿಜಿ ಅಂತಿತ್ತು. ಎಲ್ಲ ಮೊರದಲ್ಲಿ ಕೇರಿ, ಒಲೆ ಮೇಲೆ ಬೆಚ್ಚಗೆ ಮಾಡಿ, ಕೆಟ್ಟಿದ್ದು ಆರಿಸಿ ಬಿಸಾಕಿ, ನಮ್ಮನೆ ಕಾಳೇ ತುಂಬ್ಸಿಟ್ಟೆ. ಮಗಳನ್ನ ನೋಡಕೆ ಶೃಂಗೇರಿ ಕಡೆಯವರು ಬಂದಿದ್ರು. ಮನೇಲಿ ಹುಳ ಸಾಕ್ಕೊಂಡು ಹೆಣ್ಣು ತೋರ್ಸಕಾಗುತ್ತಾ ಮಾರಾಯ್ತಿ?”

ಡಬ್ಬಿಯ ಮುಚ್ಚಳ ಹಾಕಿದೆ. ಉಳಿದ ಮನೆಗಳಿಗೆ ಓಡಿದೆ. ಒಬ್ಬರ ಮನೆಗೆ ನಾದಿನಿ ಬಂದಿದ್ದಳು, ಇನ್ನೊಬ್ಬರಲ್ಲಿ ಪೂಜೆ ಇತ್ತು, ಮತ್ತೊಬ್ಬರು ಗಿರಿಜಕ್ಕ ಮಾಡಿದ್ದನ್ನು ಕೇಳಿ ತಾವೂ ಮಾಡಿದ್ದರು. ಎಲ್ಲ ಡಬ್ಬಿಗಳೂ ಸ್ವಚ್ಛ. ಯಾರೂ ಮೋಸ ಮಾಡಿರಲಿಲ್ಲ. ನನಗೆ ಉಪಕಾರವನ್ನೇ ಮಾಡಿದ್ದರು.

ಎನ್.ಆರ್.ಪುರದ ಬಸ್ ನಿಲ್ದಾಣದಲ್ಲಿ ಕುಳಿತು, ಸಂಶೋಧನೆಯ ಹೊಣೆ ಹೊತ್ತ ನಮ್ಮ ಮೇಡಂಗೆ ಫೋನ್ ಮಾಡಿದೆ. ನನ್ನ ಹುದ್ದೆ ಇದ್ದದ್ದೇ ಈ ಒಂದು ಪ್ರಯೋಗಕ್ಕಾಗಿ. ಅದು ನಿಂತರೆ ನಾನು ಚೀಲ ಕಟ್ಟಿ ಊರಿಗೆ ಹೊರಡಬೇಕಿತ್ತು. ಮೇಡಂ ಎಲ್ಲ ಕೇಳಿಸಿಕೊಂಡರು. “ಆದದ್ದನ್ನ ಆದ ಹಾಗೇ ಬರೆ. ಮಳೆ ಇನ್ನೂ ಇದೆ, ಹೊಸದಾಗಿ ಶುರು ಮಾಡು. ಆದರೆ ಈ ಸಲವೂ ಹೀಗಾದರೆ ನಾನು ಏನೂ ಮಾಡಕ್ಕಾಗಲ್ಲ,” ಎಂದರು.

ಬಂದಾಗಿನಿಂದ ಊರಿಗೆ ಹೋದರೆ ಸಾಕು ಎಂದುಕೊಂಡವಳು ನಾನು. ಸಂಜೆ ಕೋಣೆಯಲ್ಲಿ ಒಬ್ಬಳೇ ಕೂತು ಬಾಗಿಲಾಚೆಯ ಮಾತುಗಳಿಗೆ ಕಿವಿಗೊಡುತ್ತಿದ್ದವಳು. ಆದರೆ ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಬೇರೆಯೇ ಒಂದು ವಿಷಯ ಗೊತ್ತಾಯಿತು: ನನಗೆ ಹೋಗಲು ಮನಸ್ಸಿರಲಿಲ್ಲ.

ಮರುದಿನ ಹೊಸ ಕಾಳು ಹಿಡಿದು ಗಿರಿಜಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರ ಮುಖ ಸಣ್ಣದಾಯಿತು. “ಅಯ್ಯೋ, ನಿಮ್ ಕೆಲಸಕ್ಕೇ ಕುತ್ತಾ? ಮೊದ್ಲೇ ಹೇಳ್ಬಾರ್ದಾ?”

“ಹೇಳಿದ್ದೆನಲ್ಲ ಅಕ್ಕ, ಹುಳ ಬೀಳಬೇಕು ಅಂತ.”

“ಹೇಳಿದ್ರಿ. ಆದ್ರೆ ಬಂದೋರು ಡಬ್ಬಿ ತೆಗೆದು ನೋಡಿದ್ರೆ ನಿಮ್ಮನ್ನ ಕೇಳ್ತಾರಾ? ನನ್ನ ಕೇಳ್ತಾರೆ. ಹುಳದ ಮೇಲೆ ನಿಮ್ ಹೆಸರು ಬರ್ದಿರುತ್ತಾ?”

ನಾನು ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದೆ. ಆಮೇಲೆ, “ಬರೆದರೆ?” ಎಂದೆ.

ಅವರು ನನ್ನನ್ನು ನೋಡಿದರು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಕೊಪ್ಪದ ಪೇಟೆಯಿಂದ ಕೆಂಪು ಪೇಂಟ್ ತಂದು ಪ್ರತಿ ಮನೆಯ ಆ ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದೆ: ‘ಯೂನಿವರ್ಸಿಟಿ ಹುಳ. ಮನೆಯವರದ್ದಲ್ಲ.’ ಕೆಳಗೆ ನನ್ನ ಹೆಸರು. ಇಷ್ಟು ವರ್ಷ ಓದಿದ ಮೇಲೆ ನನ್ನ ಹೆಸರು ಮೊದಲ ಬಾರಿಗೆ ಅಚ್ಚುಕಟ್ಟಾಗಿ ಕಾಣಿಸಿಕೊಂಡದ್ದು ಹುಳದ ಡಬ್ಬಿಯ ಮೇಲೆ.

ಶೃಂಗೇರಿ ಕಡೆಯವರು ಮಾತುಕತೆಗೆ ಮತ್ತೆ ಬಂದರು. ಈ ಸಲ ಗಿರಿಜಕ್ಕ ತಾವೇ ಆ ಡಬ್ಬಿ ತಂದು ನಡುವೆ ಇಟ್ಟು ತೋರಿಸಿದರಂತೆ. ಹುಡುಗನ ತಾಯಿ ಕನ್ನಡಕ ಹಾಕಿಕೊಂಡು ನೋಡಿ, ತಮ್ಮ ಮನೆಗೂ ಒಂದು ಡಬ್ಬಿ ಸಿಗುತ್ತದೆಯೇ ಎಂದು ಕೇಳಿದರಂತೆ. ಸಂಬಂಧ ಕೂಡಿಬಂತು.

ಚೌತಿ ಕಳೆದ ಮೇಲೆ ಗಿರಿಜಕ್ಕನ ಮನೆಯಲ್ಲಿ ಎರಡೂ ಡಬ್ಬಿ ತೆಗೆದೆ. ಲಕ್ಕಿ ಸೊಪ್ಪಿನದರಲ್ಲಿ ಅಲ್ಲೊಂದು ಇಲ್ಲೊಂದು. ನನ್ನ ಹೆಸರಿನದರಲ್ಲಿ ಕಾಳಿಗಿಂತ ಹುಳವೇ ಹೆಚ್ಚು ಓಡಾಡುತ್ತಿತ್ತು. ಒಂದೇ ಮನೆಯಿಂದ ತೀರ್ಮಾನ ಹೇಳಲಾಗದು, ಇನ್ನೂ ನೋಡುವುದಿದೆ. ಆದರೂ ತಡೆಯಲಾರದೆ ಅಲ್ಲಿಂದಲೇ ಅವ್ವನಿಗೆ ಫೋನ್ ಹಚ್ಚಿದೆ. “ಅವ್ವಾ, ಹುಳ ಬಿದ್ದಾವ! ಕಾಳ ತುಂಬ ಹುಳ!”

“ಮಂದಿ ಮನ್ಯಾಗ ಹುಳ ಬಿದ್ರ ಹಿಂಗ ಹಿಗ್ಗತಾರೇನ?” ಅವ್ವನಿಗೆ ಕೋಪವೇ ಬಂದಿತ್ತು. “ಮೊದಲ ಹಸನ ಮಾಡಿಕೊಡು ಅವರಿಗೆ.”

“ಎಂತ ಅಂದ್ರು ನಿಮ್ಮಮ್ಮ?” ಎಂದರು ಗಿರಿಜಕ್ಕ. ಹೇಳಿದೆ. “ನೋಡಿ, ಅವರಿಗಾದ್ರೂ ಗೊತ್ತಾಯ್ತಲ್ಲ!” ಎನ್ನುತ್ತಲೇ ಅವರು ಮೊರ ತೆಗೆದುಕೊಂಡು ಡಬ್ಬಿಗೆ ಕೈ ಹಾಕಿದರು.

ನಾನು ಮುಚ್ಚಳದ ಮೇಲೆ ಅಂಗೈ ಒತ್ತಿ ಕೂಗಿದೆ: “ಇನ್ನೊಂದು ತಿಂಗಳು ತಡೀರಿ ಮಾರಾಯ್ರೆ!”

ಅವ್ವ ಇನ್ನೂ ಫೋನಿನಲ್ಲೇ ಇದ್ದಳು. ಕೇಳಿದಳು, “ಯಾರವ್ವಾ ಅದು, ಮಾರಾಯ್ರೆ ಅಂತ ಒದರಿದಾಕಿ?”