ಸುರುಳಿಯಕ್ಕ ಮತ್ತು ಹತ್ತು ಕಿಲೋಮೀಟರಿನ ಬೆಳಕು

ರಸ್ತೆಬದಿಯಲ್ಲಿ ನೆಲದೊಳಗಿನ ಕೇಬಲ್ ಚೇಂಬರಿನ ಕಬ್ಬಿಣದ ಮುಚ್ಚಳಕ್ಕೆ ಕೊಕ್ಕೆ ಹಾಕಿ ಪಕ್ಕಕ್ಕೆ ಸರಿಸಿದ ಮೇಲೆ ಸುರುಳಿಯಕ್ಕ ಮಂಡಿಯೂರಿ ಒಳಗೆ ಇಣುಕಿದಳು. ಅವಳೇ ಬಿಟ್ಟಿದ್ದ ಕೇಬಲ್ಲಿನ ಸುರುಳಿ ಗೋಡೆಯ ಕೊಂಡಿಗೆ ಹಾಗೇ ತೂಗುತ್ತಿತ್ತು, ಮೈಮೇಲೆ ಒಂದಿಷ್ಟು ಜೇಡರ ಬಲೆ. ಅದನ್ನು ಕತ್ತರಿಸಬೇಕು ಎಂದು ಆಫೀಸು ಹೇಳಿತ್ತು. ಕತ್ತರಿಸಬೇಕಾದವಳೂ ಅವಳೇ.

ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳನ್ನು ಒಂದಕ್ಕೊಂದು ಬೆಸೆಯುವುದು ಅವಳ ಕೆಲಸ. ದಾರಿಯ ಪ್ರತಿ ಚೇಂಬರಿನಲ್ಲೂ ಅವಳು ಒಂದಿಷ್ಟು ಕೇಬಲ್ ಸುತ್ತಿ ಉಳಿಸುತ್ತಾಳೆ. ನಾಳೆ ಯಾರೋ ರಸ್ತೆ ಅಗೆದು ತುಂಡು ಮಾಡಿದರೆ ಎಳೆದು ಜೋಡಿಸಲು ಇರಲಿ ಎಂದು. ಬುದ್ಧಿ ಅವಳದಲ್ಲ, ಟೈಲರ್ ಆಗಿದ್ದ ಅಪ್ಪನದು. ಹೊಲಿಗೆಯ ಒಳಗೆ ಬಟ್ಟೆ ಬಿಡದೆ ಆತ ಯಾರ ಅಂಗಿಯನ್ನೂ ಹೊಲಿದವನಲ್ಲ. “ಇವತ್ತಿನ ಹೊಟ್ಟೆಗೆ ಹೊಲೀಬೇಡ ಮಗಳೇ, ನಾಳೆಗೂ ಒಂದು ಹೊಟ್ಟೆ ಇರುತ್ತೆ” ಎನ್ನುತ್ತಿದ್ದ. ಶಾಲೆಯ ವ್ಯಾನ್ ಓಡಿಸುವ ಗಂಡನ ಮಾತೇ ಬೇರೆ: “ನಿನ್ನ ಕೈಗೆ ತೊಟ್ಟಿಲ ಹಗ್ಗ ಕೊಟ್ರೆ ಮಗು ನೆಲದ ಮೇಲೇ ಮಲಗುತ್ತೆ.”

ಈ ಲೈನು ದೊಡ್ಡಾಸ್ಪತ್ರೆಯಿಂದ ಊರಂಚಿನ ಎಕ್ಸ್-ರೇ ಕ್ಲಿನಿಕ್ಕಿಗೆ ಹಾಕಿದ್ದು. ಎರಡೂ ತುದಿಯ ಪೆಟ್ಟಿಗೆಗಳಲ್ಲಿ ಹೆಬ್ಬೆರಳಿನಷ್ಟು ಉದ್ದದ ಮಾಡ್ಯೂಲುಗಳಿವೆ. ವಿದ್ಯುತ್ತನ್ನು ಬೆಳಕಾಗಿಸಿ ಕಳಿಸುವುದು, ಬಂದ ಬೆಳಕನ್ನು ಮತ್ತೆ ವಿದ್ಯುತ್ತಾಗಿಸುವುದು ಅವುಗಳ ಕೆಲಸ. ಮೈಮೇಲೆ ‘ಹತ್ತು ಕಿಲೋಮೀಟರ್’ ಎಂಬ ಚೀಟಿ. ನಕ್ಷೆಯಲ್ಲಿ ದಾರಿ ಹತ್ತರೊಳಗೇ ಇತ್ತು. ಆದರೆ ಲೈನು ಶುರುವಾದಾಗಿನಿಂದ ಸಂಪರ್ಕ ಆಗಾಗ ಕಡಿದುಹೋಗಿ ಎಕ್ಸ್-ರೇ ಚಿತ್ರಗಳು ಅರ್ಧಕ್ಕೇ ನಿಲ್ಲುತ್ತಿದ್ದವು.

“ಅಕ್ಕಾ, ನಿಮ್ಮ ಸುರುಳಿಗಳನ್ನೂ ಸೇರಿಸಿದ್ರೆ ಹತ್ತೂವರೆ ದಾಟಿದೆ” ಎಂದಿದ್ದ ಎಂಜಿನಿಯರ್. ಅವಳಿಗಿಂತ ಚಿಕ್ಕವನು, ತಣ್ಣನೆಯ ಮನುಷ್ಯ.

“ಹತ್ತು ಮುಗಿದ ತಕ್ಷಣ ಬೆಳಕು ವಾಪಸ್ ತಿರುಗುತ್ತಾ ಸರ್?”

“ಅದೇನು ಗಡಿಕಲ್ಲು ನೋಡಿ ನಿಲ್ಲಲ್ಲ. ಹೋಗ್ತಾ ಹೋಗ್ತಾ ಸೊರಗುತ್ತೆ. ಆ ಕಡೆ ಮುಟ್ಟೋ ಹೊತ್ತಿಗೆ ಏದುಸಿರು ಬಿಡ್ತಿದೆ.”

ದೂರ ಹೋಗುವ ಮಾಡ್ಯೂಲು ತರಿಸಲು ತಿಂಗಳು ಬೇಕು, ಕ್ಲಿನಿಕ್ಕು ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಇರುವ ಸುರುಳಿಗಳನ್ನು ತೆಗೆಯುವುದು, ಇನ್ನು ಮುಂದೆ ಯಾವ ಲೈನಿನಲ್ಲೂ ಬಿಡದಿರುವುದು ಎಂದು ತೀರ್ಮಾನವಾಯಿತು. ಸುರುಳಿಯಕ್ಕ ವಾದಿಸಲಿಲ್ಲ. ಹೆಚ್ಚಾದ ಉದ್ದ ಅವಳದೇ ತಾನೆ. “ಅಪ್ಪನ ಬುದ್ಧಿ ಅಪ್ಪನ ಬಟ್ಟೆಗೇ ಸರಿ” ಎಂದು ಬೆಳಿಗ್ಗೆ ಗಂಡನ ಬಳಿ ಹೇಳಿದಾಗ ಅವನು ತಮಾಷೆ ಮಾಡದೆ ವ್ಯಾನಿನ ಕೀಲಿ ತೆಗೆದುಕೊಂಡು ಹೊರಟ.

ಈಗ ಅವಳು ಕತ್ತರಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಎಂಜಿನಿಯರ್ ಬಂದ. ಆಸ್ಪತ್ರೆಯ ತುದಿಯಿಂದ ಬೆಳಕು ಬಿಟ್ಟು ಇಡೀ ಲೈನನ್ನು ಮೀಟರಿನಲ್ಲಿ ನೋಡಿ ಬಂದಿದ್ದ.

“ಕತ್ತರಿ ಒಳಗಿಡಿ ಅಕ್ಕಾ. ಇಲ್ಲಿ ನೋಡಿ.”

ಮೀಟರಿನ ಪರದೆಯ ಮೇಲೆ ಬೆಳಕಿನ ಬಲ ತೋರುವ ಒಂದು ಗೆರೆ ಸಣ್ಣ ಇಳಿಜಾರಿನಂತೆ ಇಳಿದಿತ್ತು. ಸುರುಳಿಗಳಿದ್ದ ಕಡೆ ಗುರುತೇ ಇಲ್ಲ. ಜಾಯಿಂಟುಗಳಿದ್ದ ಕಡೆ ಕಣ್ಣಿಗೆ ಕಂಡೂ ಕಾಣದಷ್ಟು ತಗ್ಗು. ಕೊನೆಯಲ್ಲಿ ಮಾತ್ರ ಮೆಟ್ಟಿಲು ತಪ್ಪಿ ಬಿದ್ದಂತೆ ಗೆರೆ ಧೊಪ್ಪನೆ ಕುಸಿದಿತ್ತು.

“ಸುರುಳಿ ಕತ್ತರಿಸಿದ ಕಡೆಯೆಲ್ಲ ಹೊಸ ಜಾಯಿಂಟ್ ಹಾಕ್ಬೇಕು. ಸುರುಳಿಗಿಂತ ಜಾಯಿಂಟೇ ಹೆಚ್ಚು ಬೆಳಕು ತಿನ್ನುತ್ತೆ. ಆಫೀಸಲ್ಲಿ ಕೂತು ನಾನು ಬರೀ ಉದ್ದ ಕೂಡಿಸಿಬಿಟ್ಟೆ” ಎಂದ. “ಕುಸಿದಿರೋದು ಈ ಚೇಂಬರ್ ದಾಟಿದ ಮೇಲೆ. ಅಲ್ಲೇನಿದೆ?”

ಅವಳು ತಲೆಯೆತ್ತಿ ಪಕ್ಕದಲ್ಲೇ ಇದ್ದ ಕ್ಲಿನಿಕ್ಕಿನ ಗೋಡೆ ನೋಡಿದಳು. ಕಿಟಕಿಯ ಮೂಲೆಯಲ್ಲಿ ಕೇಬಲ್ ಚೂಪಾಗಿ ಮಡಿಚಿಕೊಂಡು, ಕ್ಲಿಪ್ಪಿನಡಿ ಬಿಗಿಯಾಗಿ ಕೂತಿತ್ತು. ಅಲ್ಲೂ ಅವಳು ಸುರುಳಿ ಬಿಟ್ಟಿದ್ದಳು. ಗೋಡೆ ಮೇಲೆ ಹಾವು ಸುತ್ಕೊಂಡ ಹಾಗಿದೆ, ತೆಗೀರಿ ಎಂದು ಒಳಗಿನಿಂದ ಮಾತು ಬಂದಾಗ ಎಳೆದು ಕಟ್ಟಿದ್ದಳು. ಇಡೀ ಲೈನಿನಲ್ಲಿ ಸಡಿಲ ಬಿಡದ ಜಾಗ ಅದೊಂದೇ.

“ನಾನೇ ಸರ್ ಬಿಗಿದಿದ್ದು. ಆ ಮಡಿಕೆಯಲ್ಲೇ ಬೆಳಕು ಸೋರ್ತಿದೆ.”

“ಆಗಲ್ಲ ಅನ್ನಬಹುದಿತ್ತಲ್ಲ?”

“ಹೇಳಿದವರು ಈ ಕ್ಲಿನಿಕ್ಕಿನ ಡಾಕ್ಟರಮ್ಮನ ಅತ್ತೆ. ಡಾಕ್ಟರಮ್ಮನೇ ಆಗಲ್ಲ ಅನ್ನಲ್ಲ, ನಂಗೇನು ಎರಡು ತಲೆನಾ?”

ಎಂಜಿನಿಯರ್ ನಕ್ಕು ಏಣಿ ಹತ್ತಿ ಕ್ಲಿಪ್ಪು ಬಿಚ್ಚಿದ. ಅವಳು ಚೇಂಬರಿನ ಸುರುಳಿಯಿಂದ ಒಂದು ಸುತ್ತು ಬಿಚ್ಚಿ ಪೈಪಿನೊಳಗೆ ಮೆಲ್ಲನೆ ತಳ್ಳಿದಳು, ಅವನು ಮೇಲಿಂದ ಎಳೆದುಕೊಂಡ. ಮೂಲೆಯ ಮಡಿಕೆ ಬಿಚ್ಚಿ ಊಟದ ತಟ್ಟೆಯಷ್ಟು ಅಗಲದ ಬಳುಕಾಯಿತು.

ಕಿಟಕಿ ತೆರೆಯಿತು. “ಮತ್ತೆ ಬಂತಾ ಹಾವು?”

“ಇದು ಮರಿ ಅಮ್ಮಾ” ಎಂದಳು ಸುರುಳಿಯಕ್ಕ.

“ಮರಿ ಬೆಳೆಯಲ್ವಾ?”

“ಬೆಳೆದ್ರೆ ಹೇಳಿ ಕಳಿಸಿ. ಬಿಗಿದ್ರೆ ಮಾತ್ರ ನಿಮ್ಮ ಸೊಸೆ ತೆಗೆದ ಚಿತ್ರ ಆಸ್ಪತ್ರೆ ಮುಟ್ಟಲ್ಲ.”

ಅತ್ತೆ ಬಳುಕನ್ನೊಮ್ಮೆ ನೋಡಿ, ಒಳಗಿದ್ದ ಸೊಸೆಯ ಕಡೆಗೊಮ್ಮೆ ನೋಡಿ, ಕಿಟಕಿ ಹಾಕಿಕೊಂಡರು.

ಎಂಜಿನಿಯರ್ ಒಳಗೆ ಹೋಗಿ ಬಂದ. ಈಗ ಬೆಳಕು ಏದುಸಿರಿಲ್ಲದೆ ಬರುತ್ತಿದೆ, ಅದೇ ಹತ್ತು ಕಿಲೋಮೀಟರಿನ ಮಾಡ್ಯೂಲಿನಲ್ಲಿ, ಹತ್ತೂವರೆ ದಾಟಿ. ಯಾರದೋ ಮಂಡಿಯ ಚಿತ್ರ ಪೂರ್ತಿಯಾಗಿ ಆಸ್ಪತ್ರೆ ಮುಟ್ಟಿತು. ಆ ಮಧ್ಯಾಹ್ನವೆಲ್ಲ ಲೈನು ಒಮ್ಮೆಯೂ ಕಡಿಯಲಿಲ್ಲ. ಸುರುಳಿಗಳು ಇರಲಿ ಎಂದು ಅವನು ಆಫೀಸಿಗೆ ಫೋನು ಮಾಡಿದ.

ಮುಂದಿನ ಲೈನು ಬಸ್ ಡಿಪೋಗೆ, ಇದಕ್ಕಿಂತ ಉದ್ದ. ಸುರುಳಿಗಳಿಗೆ ಎಷ್ಟು ಕೇಬಲ್ ಬೇಕು ಎಂದು ಎಂಜಿನಿಯರ್ ಈ ಸಲ ಮೊದಲೇ ಅವಳನ್ನು ಕೇಳಿ, ಇಪ್ಪತ್ತು ಕಿಲೋಮೀಟರಿನ ಮಾಡ್ಯೂಲು ತರಿಸಲು ಬರೆದಿದ್ದಾನೆ. ಕೇಬಲ್ ಸೋಮವಾರ ಬರುತ್ತದೆ.