ತಕ್ಕಡಿಯವನ ತಲೆ

ಹೆರಿಗೆ ವಿಭಾಗದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ತಕ್ಕಡಿ ಎಂದೇ. ಆಗತಾನೇ ಹುಟ್ಟಿದ ಕೂಸನ್ನು ದಾದಿಯ ಕೈಯಿಂದ ಇಸಿದುಕೊಂಡು ಪಕ್ಕದ ಕೋಣೆಗೆ ಒಯ್ದು ತೂಗುವುದು ಅವನ ಉದ್ಯೋಗ. ಮೂರ್ಛೆ ರೋಗವಿರುವ ತಾಯಂದಿರ ಮಕ್ಕಳು ಕಡಿಮೆ ತೂಕದವರಾಗಿ ಹುಟ್ಟುತ್ತಾರೆಯೇ ಎಂದು ದೊಡ್ಡ ಡಾಕ್ಟರು ಸಂಶೋಧನೆ ನಡೆಸುತ್ತಿದ್ದರು. ತಾಯಂದಿರ ತಲೆ ಎದುರು ಕೋಣೆಯ ಪಾಲು, ಮಕ್ಕಳ ತೂಕ ಇವನ ಪಾಲು.

ಪದವಿ ಮುಗಿಸಿ, ಕಂಡ ಕಂಡ ಬಾಗಿಲು ತಟ್ಟಿ, ಚಪ್ಪಲಿ ಸವೆಸಿ ಗಿಟ್ಟಿಸಿದ ಕೆಲಸವಿದು. ಯಾರಾದರೂ ಕೇಳಿದರೆ "ವೈದ್ಯಕೀಯ ಸಂಶೋಧನೆ" ಎನ್ನುತ್ತಿದ್ದ. ಇನ್ನೂ ಕೆದಕಿದರೆ ಮಾತು ಬದಲಿಸುತ್ತಿದ್ದ. ಕೂಸು ತೂಗುವ ಮೊದಲು ಒದ್ದೆ ಮಾಡಿದರೆ ಸಂಶೋಧನೆಗೆ ನಷ್ಟ, ತೂಗಿದ ಮೇಲೆ ಮಾಡಿದರೆ ಅಂಗಿಗೆ ನಷ್ಟ. ವಿಜ್ಞಾನಕ್ಕೆ ತನ್ನ ಕೊಡುಗೆ ಇಷ್ಟೇ ಎಂದು ತನ್ನನ್ನೇ ಆಡಿಕೊಳ್ಳುತ್ತಿದ್ದ. ಆದರೆ ಒಂದು ಅಂಗೈ ಕತ್ತಿನ ಕೆಳಗೆ, ಇನ್ನೊಂದು ಸೊಂಟದ ಕೆಳಗೆ ಇಟ್ಟು ಕೂಸನ್ನು ಎತ್ತಿಕೊಂಡಾಗ ಮಾತ್ರ ಅವನಿಗೆ ನಗು ಬರುತ್ತಿರಲಿಲ್ಲ. ಜೀವನದಲ್ಲಿ ಅವನು ಸರಿಯಾಗಿ ಕಲಿತದ್ದು ಅದೊಂದೇ.

ಎದುರು ಕೋಣೆಯಲ್ಲಿ ಅಂಟಕ್ಕ ಇದ್ದಳು. ತಾಯಂದಿರ ತಲೆಗೆ ಅಂಟು ಹಚ್ಚಿ, ವೈರು ಕೂರಿಸಿ, ಮಿದುಳಿನ ಗೆರೆಗಳನ್ನು ಪರದೆಯ ಮೇಲೆ ಓಡಿಸುವವಳು. ಯಂತ್ರ ಸರಿಯಿದೆಯೇ ಎಂದು ವಾರಕ್ಕೊಮ್ಮೆ ನೋಡಲು ಅವಳಿಗೊಂದು ಆರೋಗ್ಯವಂತ ತಲೆ ಬೇಕಿತ್ತು. ಬಿಟ್ಟಿ ಸಿಗುತ್ತಿದ್ದದ್ದು ತಕ್ಕಡಿಯದು.

"ಬಾರಪ್ಪ, ಕೂತ್ಕೋ. ಈ ಮಹಡೀಲಿ ನೆಟ್ಟಗಿರೋ ತಲೆ ಅಂದ್ರೆ ನಿಂದೊಂದೇ."

"ಇದೇ ಮಾತು ನಮ್ಮಮ್ಮನ ಮುಂದೆ ಒಂದ್ಸಲ ಹೇಳಿ ಅಕ್ಕ, ನಿಮಗೆ ಕೈಮುಗೀತೀನಿ."

ಆಗೊಮ್ಮೆ ಈಗೊಮ್ಮೆ ಅವನ ಗೆರೆ ಎಗರುತ್ತಿತ್ತು. ಅಂಟಕ್ಕ ಯಂತ್ರಕ್ಕೆ ಬಾಯಿ ತುಂಬ ಬೈದು ವೈರು ಬದಲಿಸಿದಳು. ರಿಪೇರಿಯವನು ಬಂದು ತಲೆ ಕೆರೆದುಕೊಂಡು ಪೆಟ್ಟಿಗೆಯನ್ನೇ ಬದಲಿಸಿದ. ತಲೆಯನ್ನು ಬದಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದು ಅಳತೆಗೋಲು, ಅದನ್ನು ಯಾರು ಅಳೆಯುತ್ತಾರೆ?

ಒಂದು ದಿನ, ಅಡಗಿರುವ ಮೂರ್ಛೆ ಹೊರಗೆ ಬರಲೆಂದು ರೋಗಿಗಳಿಂದ ಇನ್ನು ಮೇಲೆ ಜೋರಾಗಿ ಉಸಿರಾಡಿಸಿ ನೋಡಬೇಕೆಂದು ಡಾಕ್ಟರು ಹೇಳಿದರು. ಅಂಟಕ್ಕ ಮೊದಲು ತಕ್ಕಡಿಯ ಮೇಲೆ ಪ್ರಯೋಗಿಸಿದಳು. ಅವನು ಕಮ್ಮಾರನ ತಿದಿಯಂತೆ ಉಸಿರೆಳೆದು ಬಿಟ್ಟ. ಮತ್ತೆ ನೋಡಿದರೆ ಅವಳು ಅವನ ಮಣಿಕಟ್ಟು ಹಿಡಿದುಕೊಂಡಿದ್ದಳು. ಮುಖ ಸಪ್ಪಗಿತ್ತು.

"ಏನಕ್ಕ, ಮತ್ತೆ ವೈರು ಕೈಕೊಡ್ತಾ?"

"ಅಷ್ಟು ಸಲ ಕೂಗಿದೆ ಕಣೋ. ಕೇಳಿಸ್ಲಿಲ್ವಾ?"

"ಯಾವಾಗ?"

ಅವಳು ಪರದೆಯನ್ನು ಅವನತ್ತ ತಿರುಗಿಸಿದಳು. ಇಲ್ಲಿಗೆ ಬರುವ ತಾಯಂದಿರ ಗೆರೆಗಳು ಮೂರ್ಛೆ ಬಂದಾಗ ಹೇಗೆ ಗರಗಸದ ಹಲ್ಲಾಗುತ್ತವೆ ಎಂದು ಅವನು ನೋಡಿದ್ದ. ಇವೂ ಹಾಗೇ ಇದ್ದವು.

"ನಾನು ಬೀಳ್ಲಿಲ್ವಲ್ಲ ಅಕ್ಕ. ಬಾಯಲ್ಲಿ ನೊರೆ ಬರ್ಲಿಲ್ವಲ್ಲ."

"ಎಲ್ರೂ ಬೀಳಲ್ಲಪ್ಪ. ಕೆಲವ್ರು ಕೂತಲ್ಲೇ ಹೋಗಿ ಬರ್ತಾರೆ."

ಮಾತಿನ ನಡುವೆ ಮಂಕಾಗಿ ಕೂರುವುದನ್ನು ಅವನು ಆಳವಾದ ಯೋಚನೆ ಎಂದುಕೊಂಡು ಒಳಗೊಳಗೇ ಬೀಗುತ್ತಿದ್ದ. ಯೋಚನೆ ಇರಲಿ, ಅಲ್ಲಿ ಅವನೇ ಇರಲಿಲ್ಲ.

"ಯಾರಿಗೂ ಹೇಳ್ಬೇಡಿ ಅಕ್ಕ. ಹೊಟ್ಟೆಪಾಡು."

"ಹೇಳಲ್ಲ. ಆದ್ರೆ ಕೂಸು ಎತ್ಕೊಂಡಿರುವಾಗ ಹೀಗಾದ್ರೆ?"

ಅವನಿಗೊಂದು ದಿನ ನೆನಪಾಯಿತು. ಹಿಂದೊಮ್ಮೆ ನಡುದಾರಿಯಲ್ಲಿ ಕೂಸು ಹಿಡಿದು ನಿಂತಿದ್ದಾಗ ದಾದಿ ಹಿಂದಿನಿಂದ "ಏನೋ, ಬಸ್ಸಿಗೆ ಕಾಯ್ತಿದ್ದೀಯಾ?" ಎಂದು ಗದರಿದ್ದಳು. ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಅಲ್ಲಿ ಎಷ್ಟು ಹೊತ್ತು ನಿಂತಿದ್ದನೋ ಅವನಿಗೆ ಈಗಲೂ ಗೊತ್ತಿಲ್ಲ.

ಅಂಟು ಮೆತ್ತಿದ ತಲೆಯಲ್ಲೇ ಡಾಕ್ಟರ ಬಳಿ ಹೋಗಿ ತಾನೇ ಹೇಳಿದ. ಅವರು ಕೆಟ್ಟವರಲ್ಲ. ಕುರ್ಚಿ ಎಳೆದು ಕೂರಿಸಿ, ಮಾತ್ರೆ ಬರೆದುಕೊಟ್ಟು, ಇನ್ನು ಕೂಸು ಎತ್ತುವ ಹಾಗಿಲ್ಲ ಎಂದರು.

"ಮಾತ್ರೆ ತಗೊಂಡು ವಾಸಿಯಾದ್ರೆ ಸರ್?"

"ಆಯ್ತು ಅಂತ ಧೈರ್ಯವಾಗಿ ಹೇಳೋಕೇ ವರ್ಷಗಟ್ಟಲೆ ಬೇಕು. ಪ್ರಾಜೆಕ್ಟು ಅಷ್ಟು ದಿನ ಬದುಕಿರಲ್ಲಪ್ಪ."

"ಬೇರೆ ಏನಾದ್ರೂ ಕೆಲಸ..."

"ಇದ್ದಿದ್ರೆ ನೀನು ಕೇಳೋ ಮುಂಚೇನೇ ಕೊಡ್ತಿದ್ದೆ." ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದರು: "ಹೊಸಬಳು ಬರ್ತಾಳೆ. ಒಂದಿಷ್ಟು ಹೇಳ್ಕೊಟ್ಟು ಹೋಗ್ತೀಯಾ?"

ಮನೆಯಲ್ಲಿ ಅಮ್ಮ ಮಾತ್ರೆಯ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ "ಪಕ್ಕದ ಮನೆಯವ್ರಿಗೆ ತಲೆನೋವು ಅಂತಾನೇ ಹೇಳೋಣ" ಎಂದಳು. ಅವನಿಗೆ ಅದಕ್ಕಿಂತ ಒಳ್ಳೆಯ ಉಪಾಯ ತೋಚಲಿಲ್ಲ.

ಹೊಸಬಳಿಗೆ ಅವನು ಟವೆಲ್ ಸುರುಳಿ ಸುತ್ತಿ ಹೇಳಿಕೊಟ್ಟ. "ಮೊದ್ಲು ಕತ್ತು. ಕತ್ತು ಬಿಟ್ರೆ ಎಲ್ಲ ಬಿಟ್ಟ ಹಾಗೆ."

"ನಿಜವಾದ ಕೂಸು ಎತ್ತಿ ತೋರ್ಸಿ ಸರ್, ಇದು ಟವೆಲ್ಲು" ಎಂದು ಅವಳು ನಕ್ಕಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದು ದಾದಿ ಅಭ್ಯಾಸಬಲದಿಂದ ಕೂಸನ್ನು ಅವನತ್ತ ಚಾಚಿದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಹಿಡ್ಕೊಳೋ, ಮರದ ಥರ ನಿಂತಿದ್ದೀಯಲ್ಲ!"

"ಅವ್ರಿಗೆ ಕೊಡಿ ಸಿಸ್ಟರ್."

ಹೊಸಬಳು ತೆಗೆದುಕೊಂಡಳು. ಕೂಸಿನ ತಲೆ ತುಸು ಹಿಂದಕ್ಕೆ ವಾಲಿತು. "ಕತ್ತು, ಕತ್ತು!" ಎಂದು ಅವನು ನಿಂತಲ್ಲಿಂದಲೇ ಚೀರಿದ. ಅವಳು ಸರಿಪಡಿಸಿಕೊಂಡು ತೂಕದ ಕೋಣೆಗೆ ಹೋದಳು. ಒಳಗಿಂದ ತೂಕವನ್ನು ಗಟ್ಟಿಯಾಗಿ ಕೂಗಿ ಹೇಳಿದಳು, ಇನ್ನೊಮ್ಮೆ ಹೇಳಿದಳು. ಇಲ್ಲಿ ಕೂಗಿದರೆ ಬರೆದುಕೊಳ್ಳಲು ಯಾರೂ ಇರುವುದಿಲ್ಲ, ತೂಗಿದವರೇ ಬರೆದುಕೊಳ್ಳಬೇಕು ಎಂದು ಹೇಳಿಕೊಡುವುದು ಅವನಿಗೆ ಮರೆತೇಹೋಗಿತ್ತು.