ಎದಿ ಆಪರೇಷನ್

ಭಾಂಡುಪ್‌ನ ಗುಡ್ಡದ ಮೇಲಿನ ನಮ್ಮ ಚಾಳಿಗೆ ಅವ್ವ ಹತ್ತಿ ಬರುವುದು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಕೆಲವು ಮೆಟ್ಟಿಲು ಹತ್ತಿ ನಿಲ್ಲುವಳು, ಜೋರಾಗಿ ಉಸಿರು ಬಿಡುವಳು, ಮತ್ತೆ ಹತ್ತುವಳು. ಬಲಗಾಲಿನ ಮೊಣಕಾಲು ಪೂರ್ತಿ ಸವೆದಿದೆ, ಬದಲಿಸಬೇಕು ಎಂದು ಡಾಕ್ಟರು ಹೇಳಿ ವರ್ಷಗಳಾಗಿದ್ದವು. ಅಪ್ಪ ತೀರಿಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಆಕೆ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ನಾನು ವಿಕ್ರೋಳಿಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ.

ನಾನು ಹೆಣ್ಣಾಗಿ ಹುಟ್ಟಿದವನು. ಗಂಡಾಗಿ ಬದುಕತೊಡಗಿ ಆಗ ಕೆಲವು ವರ್ಷಗಳಾಗಿದ್ದವು. ದನಿ ಒಡೆದಿತ್ತು, ಗಡ್ಡ ಬಂದಿತ್ತು. ಹಾರ್ಮೋನ್ ಇಂಜೆಕ್ಷನ್ನಿನ ಖರ್ಚನ್ನು ಸಂಬಳದಲ್ಲಿ ಹೇಗೋ ತೂಗಿಸುತ್ತಿದ್ದೆ. ಎದೆಯ ಶಸ್ತ್ರಚಿಕಿತ್ಸೆ ಮಾತ್ರ ನನ್ನ ಕೈಗೆಟುಕುವಂತಿರಲಿಲ್ಲ. ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿ, ಮೇಲೆ ಬನಿಯನ್, ಅದರ ಮೇಲೆ ಅಂಗಿ ತೊಟ್ಟು ಮೇ ತಿಂಗಳ ಸೆಕೆಯಲ್ಲಿ ಲೋಕಲ್ ರೈಲು ಹತ್ತುತ್ತಿದ್ದೆ. ಅವ್ವ ಎಲ್ಲವನ್ನೂ ನೋಡುತ್ತಿದ್ದಳು, ಆ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಪಟ್ಟಿಗಳನ್ನು ಒಗೆದು ತನ್ನ ಸೀರೆಯ ಮರೆಗೆ ಒಣಹಾಕುವಳು, ಅಷ್ಟೆ.

ಒಂದು ದಿನ ಆಫೀಸಿನ ಎಚ್‌ಆರ್ ಮೇಡಂ ನನ್ನನ್ನು ಕರೆದು, ಈ ವರ್ಷದ ಇನ್ಶೂರೆನ್ಸ್ ಪಾಲಿಸಿಯಲ್ಲಿ ನೌಕರರ ತಂದೆತಾಯಿಯನ್ನೂ ನನ್ನಂಥವರ ಶಸ್ತ್ರಚಿಕಿತ್ಸೆಯನ್ನೂ ಹೊಸದಾಗಿ ಸೇರಿಸಿದ್ದಾರೆ ಎಂದರು. ಆಮೇಲೆ ಅವರೇ ಇನ್ನೊಂದು ಮಾತು ಹೇಳಿದರು. ನನಗೂ ಅವ್ವನಿಗೂ ಸೇರಿ ಇರುವ ಮೊತ್ತ ಒಂದೇ. ಯಾರಿಗಾದರೂ ಒಂದು ದೊಡ್ಡ ಆಪರೇಷನ್ ಆದರೆ ಆ ವರ್ಷದ ಮಟ್ಟಿಗೆ ಅದು ಮುಗಿದಂತೆ.

ಆ ಸಂಜೆ ಅವ್ವ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ನಾನು ಅರ್ಧ ಸುದ್ದಿಯನ್ನಷ್ಟೇ ಹೇಳಿದೆ.

"ಅವ್ವಾ, ನಿನ್ನ ಮೊಣಕಾಲಿಗೆ ಕಂಪನಿ ಇನ್ಶೂರೆನ್ಸ್ ಸಿಗ್ತೈತಿ."

"ಮತ್ತ ನಿಂದಕ್ಕ?"

ಆಕೆ ಹಾಗೆ ಕೇಳಿದ್ದು ಅದೇ ಮೊದಲು. ನಾನು ತಡವರಿಸಿ, "ಅದಕ್ಕೂ ಸಿಗ್ತೈತಿ. ಆದ್ರ ಈ ವರ್ಷ ಒಬ್ಬರಿಗಷ್ಟ," ಎಂದೆ.

"ಹಂಗಾದ್ರ ನಿಂದ ಮೊದಲ ಆಗ್ಲಿ."

"ನಿನಗ ನಡೀಲಿಕ್ಕ ಬರವಲ್ದು."

"ಮೊಣಕಾಲಿಗೆ ಯಾವ ಕಂಪನಿಯಾದ್ರೂ ರೊಕ್ಕ ಕೊಡ್ತೈತಿ. ನಿಂದಕ್ಕ ಎಷ್ಟ ಮಂದಿ ಕೊಡ್ತಾರ? ಮುಂದಿನ ವರ್ಷ ತಗದ ಹಾಕಿದ್ರ ಏನ್ ಮಾಡ್ತಿ?"

ಆಕೆ ಮತ್ತೆ ಬೆಳ್ಳುಳ್ಳಿಗೆ ಕೈ ಹಚ್ಚಿದಳು.

ಇನ್ಶೂರೆನ್ಸ್‌ನವರು ಮೊದಲು ಒಪ್ಪಲಿಲ್ಲ. ಚೆಂದ ಕಾಣಲು ಮಾಡಿಸಿಕೊಳ್ಳುವ ಆಪರೇಷನ್‌ಗೆ ಹಣ ಕೊಡುವುದಿಲ್ಲ ಎಂದು ತಿಳಿಸಿದರು. ಅದನ್ನು ಕೇಳಿ ಅವ್ವ ನಕ್ಕೇಬಿಟ್ಟಳು. "ಚೆಂದ ಕಾಣಾಕಂತ? ಆ ಪಟ್ಟಿ ಸುತಗೊಂಡು ಅವರು ಒಂದ ದಿನ ಲೋಕಲ್‌ದಾಗ ನಿಂದರ್ಲಿ, ಆಮ್ಯಾಲೆ ಮಾತಾಡ್ಲಿ." ನನ್ನನ್ನು ಮೊದಲಿನಿಂದ ನೋಡುತ್ತಿದ್ದ ಮನೋವೈದ್ಯರು, ಇದು ಚಿಕಿತ್ಸೆಯೇ ಎಂದು ಮತ್ತೊಮ್ಮೆ ವಿವರವಾಗಿ ಬರೆದುಕೊಟ್ಟರು. ಎಚ್‌ಆರ್ ಮೇಡಂ ಫೋನಿನಲ್ಲಿ ವಾದ ಮಾಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಪ್ಪಿಗೆ ಬಂತು.

ಪಾಲಿಸಿಯಲ್ಲಿದ್ದುದು ನನ್ನ ಹಳೆಯ ಹೆಸರು. ಹಣ ಬರುವವರೆಗೆ ಅದನ್ನು ಬದಲಿಸಬೇಡ ಎಂದು ಎಲ್ಲರೂ ಹೇಳಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆ ಹೆಸರನ್ನು ಗಟ್ಟಿಯಾಗಿ ಕೂಗಿದಾಗ ಅವ್ವನೂ ನಾನೂ ಒಟ್ಟಿಗೆ ಎದ್ದೆವು. ನರ್ಸ್ ನೇರವಾಗಿ ಅವ್ವನ ಕೈ ಹಿಡಿದಳು. "ಮೈ ನಹೀ, ಯೇ," ಎಂದು ಅವ್ವ ನನ್ನತ್ತ ಬೊಟ್ಟು ಮಾಡಿದಳು. ಸಾಲಾಗಿ ಕೂತವರೆಲ್ಲ ನನ್ನ ಗಡ್ಡವನ್ನು ನೋಡಿದರು. ನಾನು ಒಳಗೆ ಹೋದೆ.

ಮನೆಗೆ ಬಂದ ಮೇಲೆ ಕೆಲವು ವಾರ ತೋಳೆತ್ತಲು ಆಗುತ್ತಿರಲಿಲ್ಲ. ಏನಾಯಿತೆಂದು ಕೇಳಿದ ಚಾಳಿನವರಿಗೆ ಅವ್ವ, "ಎದಿ ಆಪರೇಷನ್ ಆಗೇತಿ," ಎಂದಳು. ಆಕೆ ಹೇಳಿದ್ದು ಸುಳ್ಳಲ್ಲ, ಅವರು ತಿಳಿದುಕೊಂಡದ್ದು ಹೃದಯ. ಇಷ್ಟು ಸಣ್ಣ ವಯಸ್ಸಿಗೆ ಹೀಗಾಯಿತಲ್ಲ ಎಂದು ಮರುಗಿದರು. ಎದುರು ಖೋಲಿಯ ಮಾವಶಿ, ಕಲಬುರಗಿ ಕಡೆಯವರು, ದಿನಾ ಎಣ್ಣೆ ಉಪ್ಪು ಇಲ್ಲದ ಬೇಳೆ ತಂದುಕೊಟ್ಟರು. ಅದು ಬಾಯಿಗಿಡುವಂತಿರಲಿಲ್ಲ. ಅವರ ಮುಂದೆ ಬಟ್ಟಲು ಖಾಲಿ ಮಾಡದೆ ಬೇರೆ ದಾರಿಯೂ ಇರಲಿಲ್ಲ.

ಒಂದು ಮಧ್ಯಾಹ್ನ ಮಾವಶಿ ಅವ್ವನ ಹತ್ತಿರ ಸರಿದು ದನಿ ತಗ್ಗಿಸಿ ಕೇಳಿದರು. "ಖರೇ ಹೇಳವಾ, ಎದಿ ಅಂದ್ರ ಒಳಗಿಂದೋ, ಹೊರಗಿಂದೋ?"

ಅವ್ವ ನನ್ನತ್ತ ನೋಡಿದಳು. ನಾನು ಹೇಳು ಎಂಬಂತೆ ತಲೆಯಾಡಿಸಿದೆ.

"ಹೊರಗಿಂದು," ಎಂದಳು.

ಮಾವಶಿ ಖಾಲಿ ಬಟ್ಟಲನ್ನು ಕೈಗೆತ್ತಿಕೊಂಡರು. "ಹಂಗಾದ್ರ ಉಪ್ಪು ಹಾಕಿದ್ರೂ ನಡೀತಿತ್ತಲ್ಲ," ಎಂದರು. ಮರುದಿನದ ಬೇಳೆಗೆ ಉಪ್ಪು, ಒಗ್ಗರಣೆ ಎರಡೂ ಬಿದ್ದಿದ್ದವು. ಆ ವಿಷಯ ಅವರು ಮತ್ತೆ ಎತ್ತಲಿಲ್ಲ. ಚಾಳಿನಲ್ಲಿ ಇನ್ನಾರಿಗಾದರೂ ಹೇಳಿದರೋ ಇಲ್ಲವೋ ನನಗೆ ತಿಳಿಯದು.

ಅವ್ವ ಅಂಜಿದ್ದರೂ ಮುಂದಿನ ವರ್ಷ ಪಾಲಿಸಿಯಿಂದ ಏನನ್ನೂ ತೆಗೆದುಹಾಕಲಿಲ್ಲ. ಮೊತ್ತ ಮತ್ತೆ ಪೂರ್ತಿಯಾಗಿ ಬಂತು. ಆಕೆಯ ಮೊಣಕಾಲಿನ ಆಪರೇಷನ್‌ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಆಪರೇಷನ್ ಆದ ಮರುದಿನವೇ ಆಸ್ಪತ್ರೆಯವರು ವಾಕರ್ ಕೊಟ್ಟು ನಡೆಸಿದರು. ಎರಡು ಹೆಜ್ಜೆಗೆ ವಾಕರ್ ಅತ್ತ ಸರಿಸಿ ನನ್ನ ಹೆಗಲಿಗೆ ಕೈ ಚಾಚಿದವಳು, ಹಾಗೇ ನಿಂತಳು.

"ಭಾರ ಹಾಕ್ಲೇನೋ? ಎದಿ ನೋಯ್ತೈತೇನ್?"

"ಇಲ್ಲ, ಹಾಕು," ಎಂದೆ.

ಆಕೆ ಹೆಗಲ ಮೇಲೆ ಪೂರ್ತಿ ಭಾರ ಬಿಟ್ಟಳು. ಹಾಗೇ ವರಾಂಡದ ಕೊನೆಯ ಕಿಟಕಿಯವರೆಗೆ ಹೋದೆವು.